ಅಂಗಿ ಇಲ್ಲದ ಕಂಪ್ಯೂಟರು

ಹೊಸದಾಗಿ ಕಟ್ಟಿದ ಕಂಪ್ಯೂಟರು ಚಾಲೂ ಆಗದಿದ್ದರೆ ಮೊದಲು ಏನು ನೋಡಬೇಕು ಎಂದು ಈ ಕೆಲಸಕ್ಕೆ ಬರುತ್ತಿರುವವರು ಕೇಳುತ್ತಾರೆ. ಕರೆಂಟು ಇದೆಯೋ ಇಲ್ಲವೋ ನೋಡಿ ಎನ್ನುತ್ತೇನೆ. ಅವರು ನಗುತ್ತಾರೆ. ನಾನು ನಗುವುದಿಲ್ಲ.

ಬಸವನ ಬಾಗೇವಾಡಿಯ ಒಂದು ಹೈಸ್ಕೂಲಿಗೆ ಕಂಪ್ಯೂಟರು ಕಟ್ಟಿಕೊಟ್ಟ ಮರುವಾರವೇ ಅದು ಸತ್ತುಹೋಗಿದೆ ಎಂದು ಹೇಳಿಕಳಿಸಿದ್ದರು. ಬಸ್ಸು ಹಿಡಿದು ಹೋದೆ. ಮುಚ್ಚಳ ತೆಗೆದೆ. ಮೆಮೊರಿ ಕಿತ್ತು, ಒರೆಸಿ ಹಾಕಿದೆ. ಪವರ್ ಸಪ್ಲೈ ಡಬ್ಬಿಯನ್ನೇ ಕಳಚಿ ಮೇಜಿನ ಮೇಲಿಟ್ಟೆ. ಹೆಡ್‌ಮಾಸ್ಟರು ಕುರ್ಚಿಯಲ್ಲಿ ಕೂತು ಬಹಳ ಗೌರವದಿಂದ ನೋಡುತ್ತಿದ್ದರು. ನಾನು ಬೆವರು ಒರೆಸಿಕೊಂಡಾಗ ಅವರು ಮೆಲ್ಲಗೆ ಹೇಳಿದರು: "ಇನ್ನೇನ್ ಕರೆಂಟ್ ಬರೂ ಹೊತ್ತಾತ್ರಿ."

"ಕರೆಂಟ್ ಇಲ್ಲೇನ್ರಿ?"

"ಮುಂಜಾನಿಂದ ಇಲ್ರಿ. ನಾವೇನ್ ತಿಳ್ಕೊಂಡ್ವಿ, ನೀವು ಕರೆಂಟ್ ಇಲ್ದನೂ ರಿಪೇರಿ ಮಾಡ್ತೀರೇನೋ ಅಂತ."

ಕರೆಂಟು ಬಂದ ಮೇಲೆ ನೋಡಿದರೆ ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಮುಂದಿನ ಗುಂಡಿಯ ಸಣ್ಣ ವೈರೊಂದು ಸಡಿಲಾಗಿತ್ತು, ಅಷ್ಟೆ. ನಾನು ಕಳಚಿದ್ದನ್ನೆಲ್ಲ ಮತ್ತೆ ಜೋಡಿಸುವಷ್ಟರಲ್ಲಿ ಮಧ್ಯಾಹ್ನದ ಊಟದ ಗಂಟೆ ಹೊಡೆಯಿತು. ಕಂಪ್ಯೂಟರಿನಲ್ಲಿ ನನ್ನ ವೃತ್ತಿಜೀವನ ಹೀಗೆ ಶುರುವಾಯಿತು ಎಂದು ತಿಳಿದುಕೊಂಡರೆ ಮುಂದಿನದು ಓದಲು ಸುಲಭವಾಗುತ್ತದೆ.

ನಾನು ಸಿಂದಗಿಯವನು, ಹೆಸರು ಶಂಕ್ರಪ್ಪ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳಲ್ಲಿ ಕಂಪ್ಯೂಟರು ಕಟ್ಟುತ್ತ, ರಿಪೇರಿ ಮಾಡುತ್ತ ಕಾಲ ಕಳೆದೆ. ಮೂಲದಲ್ಲಿ ರೇಡಿಯೋ ರಿಪೇರಿಯವನು. ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದೆ ಮೌಲಾಸಾಬ್ ಎಂಬವರ ರೇಡಿಯೋ ಅಂಗಡಿ ಇತ್ತು. ಅವರೇ ನನ್ನ ಉಸ್ತಾದರು. ಬೈಯುವುದರಲ್ಲಿ ಉದಾರಿ, ಹೊಗಳುವುದರಲ್ಲಿ ಜಿಪುಣ. ಅವರ ಒಂದು ಮಾತು ನನ್ನ ಎಲುಬಿನಲ್ಲಿ ಇಳಿದಿತ್ತು.

"ಲೇ ಶಂಕ್ರ್ಯಾ, ಕೆಲಸ ಮುಗದ ಮ್ಯಾಲ ಕೈಯಾಗ ಒಂದ ಸ್ಕ್ರೂ ಉಳೀತಂದ್ರ ಗಿರಾಕಿ ಹೊಳ್ಳಿ ಬರ್ತಾನ. ಬಂದಾಂವ ಸ್ಕ್ರೂ ಕೇಳೂದಿಲ್ಲ, ನಿನ್ನ ಕಿವಿ ಹಿಡೀತಾನ."

ಉಸ್ತಾದರ ಮೇಜಿನ ಮೇಲೆ ಸಂಜೆ ಒಂದು ಸ್ಕ್ರೂ ಸಿಕ್ಕರೂ ಆ ದಿನ ಮುಚ್ಚಿದ ರೇಡಿಯೋಗಳನ್ನೆಲ್ಲ ಮತ್ತೆ ಬಿಚ್ಚಿಸುತ್ತಿದ್ದರು. ಹೀಗಾಗಿ ಯಾವುದನ್ನೂ ಉಳಿಸಬಾರದು ಎಂಬುದು ನನಗೆ ಕೆಲಸದ ನಿಯಮವಾಗಿ ಉಳಿಯಲಿಲ್ಲ, ಭಯವಾಯಿತು. ರೇಡಿಯೋ ಹೋಗಿ ಟಿ.ವಿ. ಬಂತು, ಟಿ.ವಿ. ಹೋಗಿ ಕಂಪ್ಯೂಟರು ಬಂತು. ಭಯ ಮಾತ್ರ ನನ್ನ ಜೊತೆಗೇ ಬಂತು.

ಎರಡನೆಯ ಅಭ್ಯಾಸವನ್ನು ಕಲಿಸಿದವರು ಮುದ್ದೇಬಿಹಾಳದ ಒಬ್ಬ ಅಡತಿ ವ್ಯಾಪಾರಿ. ಅವರ ದುಕಾನಿಗೆ ಕಂಪ್ಯೂಟರು ಕಟ್ಟಿ, ಚಾಲೂ ಮಾಡಿ ನೋಡಿ, ಖುಷಿಯಿಂದ ಅವರನ್ನು ಕರೆದೆ. ಅವರ ಮುಖ ಬಿಗಿಯಿತು.

"ಪೂಜಿ ಆಗೂದ್ಕಿಂತ ಮೊದ್ಲ ಕರೆಂಟ್ ಕೊಟ್ರ್ಯಾ? ಹೊಸಾ ಟ್ರ್ಯಾಕ್ಟರ್ ಆದ್ರೂ ನಿಂಬಿಹಣ್ಣ ಮ್ಯಾಲ ಹಾಯ್ಸಿದ ಮ್ಯಾಲ ಓಡಸ್ತಾರ. ನೀವು ದೇವ್ರಿಗಿಂತ ಮುಂದ ಹೋದ್ರಿ."

ನಾನು ಕಂಪ್ಯೂಟರನ್ನು ಆರಿಸಿದೆ. ಮರುದಿನ ಪೂಜೆಯಾಯಿತು. ಅವರ ಮನೆಮಂದಿಯೆಲ್ಲ ಭಕ್ತಿಯಿಂದ ಅಕ್ಷತೆ ಹಾಕಿದರು. ಮೇಲಿನ ಜಾಲರಿಯಿಂದ ಒಳಗೆ ಹೋದ ಅಕ್ಕಿ ಪ್ರೊಸೆಸರಿನ ಫ್ಯಾನಿನಲ್ಲಿ ಸಿಕ್ಕಿಕೊಂಡಿತು. ಕಂಪ್ಯೂಟರು ತುಸು ಹೊತ್ತು ನಡೆದು ತಾನಾಗಿ ನಿಲ್ಲತೊಡಗಿತು. ನಾನು ಅಕ್ಕಿಕಾಳು ಹೆಕ್ಕಿ ತೆಗೆದು ತೋರಿಸಿದರೆ ಅವರು, "ಅಕ್ಷತಿಂದ ಕೆಟ್ಟದ್ ಹೆಂಗ ಅಕ್ಕೈತ್ರಿ? ನಿನ್ನೆ ನೀವು ಅವಸರ ಮಾಡಿದ್ದಕ್ಕ ಆಗೇತಿ" ಎಂದರು.

ಅಂದಿನಿಂದ ನಾನು ಪೂಜೆಗೆ ಮೊದಲು ಯಾವ ಕಂಪ್ಯೂಟರಿಗೂ ಕರೆಂಟು ಕೊಡಲಿಲ್ಲ. ಗಿರಾಕಿಗಳು ಮೆಚ್ಚಿಕೊಂಡರು. 'ಶಂಕ್ರಣ್ಣಗ ರೀತಿ ರಿವಾಜ ಗೊತ್ತು' ಎಂದರು. ಸತ್ಯವಾಗಿ ಹೇಳಬೇಕೆಂದರೆ ಅದರಲ್ಲಿ ನನಗೂ ಆರಾಮವಿತ್ತು. ಕಟ್ಟಿದ ದಿನ ಪರೀಕ್ಷೆ ಇಲ್ಲ. ಪರೀಕ್ಷೆ ಏನಿದ್ದರೂ ಮರುದಿನ, ಅದೂ ದೇವರ ಸಮಕ್ಷಮದಲ್ಲಿ. ಹೆಚ್ಚಿನ ಸಲ ಚಾಲೂ ಆಗುತ್ತಿತ್ತು. ಆದ ಸಲವೆಲ್ಲ ನಾನು ಜಾಣನಾದೆ.

ಇಷ್ಟು ಹೇಳಿದ್ದು ಇಂಡಿಯ ಆ ಒಂದು ದಿನಕ್ಕಾಗಿ. ಅದನ್ನು ಕ್ರಮವಾಗಿ, ಒಂದಾದ ಮೇಲೆ ಒಂದು ಬರೆಯುತ್ತೇನೆ.

ರತ್ನಾಬಾಯಿ ಇಂಡಿಯವರು. ತಹಶೀಲ್ದಾರ ಕಚೇರಿಯ ಎದುರಿನ ಸಾಲಿನಲ್ಲಿ ಮಲ್ಲು ಸಾವಕಾರರ ಆನ್‌ಲೈನ್ ಸೆಂಟರಿನಲ್ಲಿ ಹಲವು ವರ್ಷ ಅರ್ಜಿ ತುಂಬುವ ಕೆಲಸ ಮಾಡಿದವರು. ಜಾತಿ ಪ್ರಮಾಣಪತ್ರ, ಪಹಣಿ, ವಿದ್ಯಾರ್ಥಿವೇತನ, ಯಾವುದಿದ್ದರೂ ಹಳ್ಳಿಯ ಹೆಂಗಸರು ಸಾವಕಾರರನ್ನು ಕೇಳುತ್ತಿರಲಿಲ್ಲ, 'ರತ್ನಾ ಅದಾಳೇನ್ರಿ' ಎಂದು ಕೇಳುತ್ತಿದ್ದರು. ಕಡೆಗೆ ರತ್ನಾಬಾಯಿ ಅದೇ ಸಾಲಿನಲ್ಲಿ, ಕೆಲವೇ ಅಂಗಡಿಗಳ ಆಚೆ, ತಮ್ಮದೇ ಒಂದು ಖೋಲಿ ಹಿಡಿದರು. ಸಾವಕಾರರು ಎಲ್ಲರಿಗೂ ಕೇಳುವಂತೆಯೇ ಹೇಳಿದರಂತೆ: "ಎರಡ ತಿಂಗಳದಾಗ ಹೊಳ್ಳಿ ಬರ್ತಾಳ. ಕುರ್ಚಿ ಖಾಲಿನ ಇಡ್ತೇನಿ."

ಅಂಗಡಿ ತೆರೆಯುವ ದಿನವನ್ನು ರತ್ನಾಬಾಯಿ ಯೋಚಿಸಿ ಆರಿಸಿದ್ದರು. ಹೆಣ್ಣುಮಕ್ಕಳ ವಸತಿ ನಿಲಯಕ್ಕೆ ಅರ್ಜಿ ಹಾಕಲು ಅದು ಕೊನೆಯ ದಿನ. ಸಂಜೆಗೆ ಆನ್‌ಲೈನ್ ಅರ್ಜಿಯ ಬಾಗಿಲು ಮುಚ್ಚುತ್ತದೆ. ಓಣಿಯ ಮತ್ತು ಸುತ್ತಲ ಹಳ್ಳಿಗಳ ತಾಯಂದಿರಿಗೆಲ್ಲ, 'ಕಾಗದಪತ್ರ ತಗೊಂಡ ನನ್ನ ಅಂಗಡಿಗೇ ಬರ್ರಿ, ನಾ ತುಂಬ್ತೇನಿ' ಎಂದು ಮಾತು ಕೊಟ್ಟಿದ್ದರು. ಅರ್ಜಿಗಳು ಸರಿಯಾಗಿ ಸಲ್ಲಿಕೆಯಾದರೆ ಅಂಗಡಿ ಕಾಲೂರಿದಂತೆ. ಅವರೆಲ್ಲ ಸಾವಕಾರರ ಬಾಗಿಲಿಗೆ ಹೋದರೆ, ಮೊದಲ ದಿನವೇ ಮುಗಿದಂತೆ.

ಹಿಂದಿನ ದಿನ ಸಂಜೆ ಅವರ ಖೋಲಿಯಲ್ಲೇ ಕೂತು ಕಂಪ್ಯೂಟರು ಕಟ್ಟಿದೆ. ನಿವೃತ್ತಿ ಹತ್ತಿರ ಬಂದಿದ್ದ ಕಾಲ. ಕೈ ಚೆನ್ನಾಗಿ ಕಟ್ಟಬೇಕೆಂದು ಹಟ ಮಾಡುತ್ತಿತ್ತು. ವೈರುಗಳನ್ನು ಜಡೆ ಹೆಣೆದಂತೆ ಕಟ್ಟಿದೆ. ಕ್ಯಾಬಿನೆಟ್ಟಿನ ಜೊತೆ ಬಂದ ಪಾಕೀಟಿನಲ್ಲಿ ಒಂದೂ ಸ್ಕ್ರೂ ಉಳಿಸಲಿಲ್ಲ. ಮುಚ್ಚಳ ಹಾಕಿ ಒರೆಸಿದೆ.

"ಅಣ್ಣಾರ, ಒಮ್ಮಿ ಚಾಲೂ ಮಾಡಿ ನೋಡೂದಿಲ್ಲೇನ್ರಿ?" ಎಂದು ರತ್ನಾಬಾಯಿ ಕೇಳಿದರು.

"ಇವತ್ತ ಕರೆಂಟ್ ಕೊಡಬಾರ್ದವ್ವಾ ತಂಗಿ. ನಾಳೆ ಮುಂಜಾನಿ" ಎಂದೆ, ಬಲ್ಲವನ ದನಿಯಲ್ಲಿ.

ಅವರು "ಆತ್ರಿ" ಎಂದರು.

ಮರುದಿನ ನಾನು ಸಿಂದಗಿಯಿಂದ ಚೀಲದಲ್ಲಿ ತೆಂಗಿನಕಾಯಿ, ನಿಂಬೆಹಣ್ಣು, ಕುಂಕುಮದ ಪೊಟ್ಟಣ ತಂದೆ. ಗಡಿಬಿಡಿಯಲ್ಲಿ ಮರೆತಿದ್ದಾರು ಎಂಬ ಮುಂಜಾಗ್ರತೆ. ಒಳಗೆ ಹೋಗಿ ನೋಡಿದರೆ ಮೇಜಿನ ಮೇಲೆ ಬುದ್ಧನ ಸಣ್ಣ ಮೂರ್ತಿ, ಎರಡು ಮೇಣಬತ್ತಿ, ಒಂದಿಷ್ಟು ಸೇವಂತಿಗೆ. ರತ್ನಾಬಾಯಿಯ ತಂದೆ, ಪ್ರಾಥಮಿಕ ಶಾಲೆಯಲ್ಲಿ ಗುರುಗಳಾಗಿದ್ದವರು, ಬಿಳಿ ಅಂಗಿ ತೊಟ್ಟು ನಿಂತಿದ್ದರು. ಎಲ್ಲರೂ ಕೈಮುಗಿದು ವಂದನೆ ಹೇಳಿದರು. ಅದು ಬೇಗ ಮುಗಿಯಿತು. ಅಷ್ಟು ಹೊತ್ತೂ ನಾನು ಚೀಲವನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದೆ.

"ಚೀಲದಾಗೇನ್ರಿ?" ಎಂದು ಗುರುಗಳು ಕೇಳಿದರು.

"ಕಾಯಿ ರೀ."

"ಛಲೋ ಆತು. ಮಧ್ಯಾಹ್ನ ಚಟ್ನಿ ಮಾಡೂಣು."

ರತ್ನಾಬಾಯಿ ಗುಂಡಿ ಒತ್ತಿದರು. ಮುಂದಿನ ಸಣ್ಣ ದೀಪ ಮಿಣುಕಿತು. ಒಳಗಿನ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದರು. ಈ ಸಲ ಅದೂ ಇಲ್ಲ. ನಾನು ಹಿಂದಿನ ವೈರು ಕಿತ್ತು, ತುಸು ತಡೆದು ಮತ್ತೆ ಚುಚ್ಚಿದೆ. ದೀಪ ಮಿಣುಕಿತು, ಅರ್ಧ ಸುತ್ತು, ನಿಂತಿತು.

ಕೆಲಸ ಕಲಿಯುವವರು ಇಲ್ಲಿ ಒಂದು ಮಾತು ಗಮನಿಸಬೇಕು. ಪೂರ್ತಿ ಸತ್ತಿರುವುದು ಬೇರೆ, ಉಸಿರೆಳೆದು ನಿಲ್ಲುವುದು ಬೇರೆ. ಅರ್ಧ ಸುತ್ತು ತಿರುಗಿತೆಂದರೆ ಕರೆಂಟು ಬಂದಿದೆ, ಗುಂಡಿ ಕೆಲಸ ಮಾಡುತ್ತಿದೆ, ಆದರೆ ಕರೆಂಟು ಹೋಗಬಾರದ ಕಡೆ ಎಲ್ಲೋ ಹೋಗುತ್ತಿದೆ. ಪವರ್ ಸಪ್ಲೈ ಅದನ್ನು ಅರಿತು ತನ್ನನ್ನೇ ಮುಚ್ಚಿಕೊಳ್ಳುತ್ತಿದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದು ಆ ಹೊತ್ತಿಗೆ ನೆನಪಾಗಲಿಲ್ಲ. ಅಷ್ಟು ಮಂದಿ ನೋಡುತ್ತಿರುವಾಗ ನೆನಪಾಗುವುದು ಬಸ್ಸಿನ ವೇಳೆ ಮಾತ್ರ.

"ನಿನ್ನೆ ಯಾಕ ಚಾಲೂ ಮಾಡ್ಲಿಲ್ರಿ ಅಣ್ಣಾರ?" ಎಂದು ರತ್ನಾಬಾಯಿ ಕೇಳಿದರು.

"ಪೂಜಿ ಆಗಬೇಕಲ್ಲವ್ವಾ ಅಂತ..."

"ನಮ್ಮಲ್ಲೆಲ್ಲಿ ಐತ್ರಿ ಪೂಜಿ? ನಾ ತಿಳ್ಕೊಂಡೆ, ಹೊಸಾ ಮಷಿನ್ ಒಂದ ರಾತ್ರಿ ಹಂಗ ಬಿಡಬೇಕೇನೋ ಅಂತ, ಸಿಮೆಂಟ್ ಗಿಲಾವ್ ಮಾಡಿದ ಗ್ವಾಡಿ ಒಣಗಾಕ ಬಿಟ್ಟಂಗ."

ನನ್ನ ರೀತಿ ರಿವಾಜನ್ನು ಅವರು ಯಂತ್ರದ ನಿಯಮವೆಂದುಕೊಂಡಿದ್ದರು. ನಾನು ಅದನ್ನು ಅವರ ನಿಯಮವೆಂದುಕೊಂಡಿದ್ದೆ. ಇಬ್ಬರ ನಡುವೆ ಒಂದು ಇಡೀ ಸಂಜೆ ವ್ಯರ್ಥವಾಗಿತ್ತು.

ಬಾಗಿಲಲ್ಲಿ ತಾಯಂದಿರು ಸೇರತೊಡಗಿದರು. ಎಲ್ಲರಿಗಿಂತ ಮುಂದೆ ಶಾಂತಾಬಾಯಿ, ಕಬ್ಬಿನ ಗದ್ದೆಯ ಕೂಲಿಗೆ ರಜೆ ಹಾಕಿ ಬಂದವರು. ಜೊತೆಗೆ ಐದನೆಯ ಇಯತ್ತೆ ಮುಗಿಸಿದ ಮಗಳು ಪೂಜಾ. ಅವರ ಊರಿನಲ್ಲಿ ಮುಂದಿನ ತರಗತಿ ಇಲ್ಲ. ವಸತಿ ನಿಲಯ ಸಿಕ್ಕರೆ ಇಂಡಿಯಲ್ಲಿ ಓದು, ಇಲ್ಲದಿದ್ದರೆ ತಾಯಿಯ ಜೊತೆ ಗದ್ದೆ.

ನಾನು ಒಂದೊಂದಾಗಿ ನೋಡುತ್ತ ಹೋದೆ. ಗೋಡೆಯ ಪ್ಲಗ್ಗಿಗೆ ಟೆಸ್ಟರ್ ಹಿಡಿದೆ, ಉರಿಯಿತು. ಮುಚ್ಚಳ ತೆಗೆದು, ಮುಂದಿನ ಗುಂಡಿಯ ವೈರು ಬಿಡಿಸಿ, ಅದು ಕೂರುವ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ತುದಿ ತಾಗಿಸಿದೆ. ಅದೇ ಅರ್ಧ ಸುತ್ತು. ಪವರ್ ಸಪ್ಲೈಯನ್ನು ಮದರ್‌ಬೋರ್ಡಿನಿಂದ ಬಿಡಿಸಿ, ಅದರ ಹಸಿರು ವೈರಿಗೂ ಕಪ್ಪು ವೈರಿಗೂ ಒಂದು ತಂತಿ ಕೂಡಿಸಿದೆ. ಅದರ ಫ್ಯಾನು ಚೆನ್ನಾಗಿ ತಿರುಗಿತು. ಅಂದರೆ ಡಬ್ಬಿ ಸರಿಯಾಗಿದೆ. ಮೆಮೊರಿ ತೆಗೆದೆ, ಡಿಸ್ಕ್ ಬಿಡಿಸಿದೆ. ಅರ್ಧ ಸುತ್ತು. ಸ್ಕ್ರೂಡ್ರೈವರ್ ಕೈಯಿಂದ ಜಾರಿ ಬುದ್ಧನ ಮುಂದೆ ಬಿತ್ತು. ಗುರುಗಳು ಅದನ್ನೆತ್ತಿ ಕೊಟ್ಟರು.

ಅಷ್ಟರಲ್ಲಿ ಮಲ್ಲು ಸಾವಕಾರರು ಚಹಾದ ಕಪ್ಪು ಹಿಡಿದೇ ಬಂದರು.

"ಏನ್ ರತ್ನಾಬಾಯಿ, ಅಂಗಡಿ ಚಾಲೂ ಆತೋ, ಆಪರೇಷನ್ ಚಾಲೂ ಆತೋ?"

"ಎರಡೂ ನಡದಾವ್ರಿ ಸಾವಕಾರ್ರ" ಎಂದರು ರತ್ನಾಬಾಯಿ.

"ಡಾಕ್ಟರ್ ಕೈ ನಡಗಾಕತ್ತಾವಲ್ಲ. ಬೇಕಾರ ಮಂದಿನ್ನ ನನ್ನ ಕಡೆ ಕಳಸು. ನೀನೂ ಬಾ, ಕುರ್ಚಿ ಹಂಗ ಐತಿ."

ಅವರು ಹೋದ ಮೇಲೆ ಶಾಂತಾಬಾಯಿ ಸಂಕೋಚದಿಂದಲೇ ಕೇಳಿದರು: "ರತ್ನಾ, ಸಿಟ್ಟಾಗಬ್ಯಾಡ. ಅಲ್ಲಿ ಮಷಿನ್ ನಡದಾವಂತ. ಹೋಗ್ಲೇನವ್ವಾ? ಮಗಳ ಹಣೇಬರಾ ಐತಿ."

"ಇನ್ನ ಸ್ವಲ್ಪ ಹೊತ್ತು ಕುಂಡ್ರಕ್ಕಾ. ಆಗದಿದ್ರ ನಾನ ಕರ್ಕೊಂಡ ಹೋಗ್ತೇನಿ. ಆ ಕುರ್ಚ್ಯಾಗ ಕುಂತ ನಾನ ತುಂಬ್ತೇನಿ."

ಹೀಗೆ ಹೇಳಿದಾಗ ಅವರು ಯಾರ ಮುಖವನ್ನೂ ನೋಡಲಿಲ್ಲ.

ನಾನು ಹೊರಗೆ ಬಂದು ವಿಜಯಪುರದ ಡೀಲರಿಗೆ ಫೋನು ಮಾಡಿದೆ. ಅವರ ಮಾತು ಯಾವಾಗಲೂ ಒಂದೇ: "ಬೋರ್ಡ್ ಹೋಗಿರಬೇಕು. ಕಳಸ್ರಿ, ವಾರದಾಗ ಬದಲಿ ಕೊಡ್ತೀವಿ." ಹಿಂದೆ ನಾವು ಬೋರ್ಡಿನಲ್ಲಿ ಯಾವ ಬಿಡಿಭಾಗ ಹೋಗಿದೆ ಎಂದು ಹುಡುಕಿ ಬೆಸುಗೆ ಹಾಕುತ್ತಿದ್ದೆವು. ಈಗ ಬೋರ್ಡನ್ನೇ ಬದಲಿಸುತ್ತೇವೆ. ಇದರಿಂದ ಕೆಲಸ ಚುರುಕಾಗಿದೆ. ಕೆಲಸಗಾರನಿಗೆ ತಪ್ಪಿಸಿಕೊಳ್ಳಲು ಒಂದು ಹಿತ್ತಲ ಬಾಗಿಲೂ ಆಗಿದೆ. ನಾನು ಆ ಬಾಗಿಲಿನ ಕಡೆಗೇ ನಡೆದೆ.

"ಬೋರ್ಡ್ ಹೋಗೇತವ್ವಾ ತಂಗಿ" ಎಂದೆ.

ರತ್ನಾಬಾಯಿ ದನಿ ಏರಿಸದೆ ಕೇಳಿದರು: "ನೋಡಿ ಹೇಳಾಕತ್ತೀರೋ, ಬ್ಯಾಸತ್ತ ಹೇಳಾಕತ್ತೀರೋ?"

ಬೋರ್ಡನ್ನು ನಾನು ಇನ್ನೂ ಹೊರಗೆ ತೆಗೆದೇ ಇರಲಿಲ್ಲ. ತೆಗೆಯಬೇಕೆಂದರೆ ಜಡೆಯಂತೆ ಹೆಣೆದ ವೈರುಗಳನ್ನೆಲ್ಲ ಕತ್ತರಿಸಬೇಕು. ಅಷ್ಟು ಚೆಂದ ಕಟ್ಟಿದ್ದನ್ನು ಬಿಚ್ಚಲು ಮನಸ್ಸು ಬಂದಿರಲಿಲ್ಲ. ಒಬ್ಬ ಹುಡುಗಿಯ ಶಾಲೆ ಒಂದು ಕಡೆ, ನನ್ನ ವೈರಿನ ಜಡೆ ಒಂದು ಕಡೆ. ಬೆಳಗಿನಿಂದ ನಾನು ಜಡೆಯನ್ನೇ ಕಾಯುತ್ತಿದ್ದೆ.

ಕತ್ತರಿಸಿದೆ. ಬೋರ್ಡನ್ನು ಎತ್ತಿ, ಅದು ಬಂದಿದ್ದ ರಟ್ಟಿನ ಡಬ್ಬಿಯ ಮೇಲೆ ಮಲಗಿಸಿದೆ. ಪವರ್ ಸಪ್ಲೈಯನ್ನು ಪಕ್ಕಕ್ಕಿಟ್ಟು ಎರಡು ವೈರು ಚುಚ್ಚಿದೆ. ಮೆಮೊರಿ, ಡಿಸ್ಕ್, ಪರದೆ, ಅಷ್ಟೆ. ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತಾಗಿಸಿದೆ.

ಫ್ಯಾನು ತಿರುಗಿತು. ನಿಲ್ಲಲಿಲ್ಲ. ಪರದೆಯಲ್ಲಿ ಅಕ್ಷರ ಮೂಡಿತು.

ಗುರುಗಳು ಆರಿಹೋಗಿದ್ದ ಮೇಣಬತ್ತಿಯನ್ನು ಮತ್ತೆ ಹಚ್ಚಿದರು.

ಆಮೇಲೆ ಖಾಲಿ ಕ್ಯಾಬಿನೆಟ್ಟನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಬೋರ್ಡು ತಗಡಿಗೆ ತಾಗದಂತೆ ಎತ್ತಿ ಹಿಡಿಯಲು ಹಿತ್ತಾಳೆಯ ಗಿಡ್ಡ ಕಾಲುಗಳಿರುತ್ತವೆ. ಬೋರ್ಡಿನ ಒಂದೊಂದು ತೂತಿನ ಕೆಳಗೆ ಒಂದೊಂದು ಕಾಲು. ತಗಡಿನಲ್ಲಿ ದೊಡ್ಡ, ಸಣ್ಣ ಎಲ್ಲ ಅಳತೆಯ ಬೋರ್ಡುಗಳಿಗೂ ಆಗುವಂತೆ ಹೆಚ್ಚು ತೂತು ಕೊರೆದಿರುತ್ತಾರೆ. ಪಾಕೀಟಿನಲ್ಲಿ ಕಾಲುಗಳನ್ನೂ ಹೆಚ್ಚೇ ಹಾಕಿರುತ್ತಾರೆ. ಹಿಂದೆ ನಾನು ಕಟ್ಟುತ್ತಿದ್ದ ದೊಡ್ಡ ಬೋರ್ಡುಗಳಿಗೆ ಎಲ್ಲವೂ ಬೇಕಾಗುತ್ತಿದ್ದವು. ಬೋರ್ಡುಗಳು ವರ್ಷ ವರ್ಷಕ್ಕೆ ಸಣ್ಣವಾಗಿದ್ದವು, ನನ್ನ ಕೈಯ ರೂಢಿ ಸಣ್ಣದಾಗಿರಲಿಲ್ಲ. ಈ ಬೋರ್ಡಿನಲ್ಲಿ ತೂತೇ ಇಲ್ಲದ ಜಾಗದ ಕೆಳಗೆ ಒಂದು ಹಿತ್ತಾಳೆ ಕಾಲು ಎದ್ದು ನಿಂತಿತ್ತು. ಅದರ ತಲೆ ಬೋರ್ಡಿನ ಬೆನ್ನಿನ ಬೆಸುಗೆಗೆ ತಾಗಿ ಕರೆಂಟನ್ನು ತಗಡಿಗೆ ಹರಿಸುತ್ತಿತ್ತು. ಉಳಿದ ಕಾಲುಗಳನ್ನು ಕೈಯಿಂದ ತಿರುಗಿಸಿದ್ದೆ. ಇದೊಂದು ತುಸು ಬಿಗಿಯಾಗಿದ್ದರಿಂದ ಇಕ್ಕಳದಂಥ ಪಕ್ಕಡಿನಿಂದ ಹಿಡಿದು ಕೂರಿಸಿದ್ದೆ. ಬೇಡದ ಕಾಲೇ ಎಲ್ಲಕ್ಕಿಂತ ಭದ್ರವಾಗಿತ್ತು.

ಅದನ್ನು ತೆಗೆದು, "ಇನ್ನ ಕ್ಯಾಬಿನೆಟ್‌ದಾಗ ಕುಂಡ್ರಸ್ತೇನಿ" ಎಂದೆ.

"ಮುಟ್ಟಬ್ಯಾಡ್ರಿ ಅಣ್ಣಾರ" ಎಂದರು ರತ್ನಾಬಾಯಿ, ಆಗಲೇ ಕುರ್ಚಿ ಎಳೆದುಕೊಂಡಿದ್ದರು. "ಶಾಂತಕ್ಕಾ, ಕಾಗದ ತಾ."

ಬೇಕಾದ ಪ್ರೋಗ್ರಾಮುಗಳನ್ನು ಡಿಸ್ಕಿನಲ್ಲಿ ಮೊದಲೇ ತುಂಬಿ ತಂದಿದ್ದೆ. ಆ ದಿನ ನಾನು ಸರಿಯಾಗಿ ಮಾಡಿದ್ದ ಕೆಲಸ ಅದೊಂದೇ. ಅಂಗಡಿ ನಡೆಯಿತು. ಮೇಜಿನ ಮೇಲೆ ರಟ್ಟಿನ ಡಬ್ಬಿ, ಅದರ ಮೇಲೆ ಬೆತ್ತಲೆ ಬೋರ್ಡು, ತೂಗಾಡುವ ಡಿಸ್ಕು. ಯಾರೂ ಮುಟ್ಟದಂತೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ನಾನು ಕಾವಲು ಕೂತೆ. ಇಷ್ಟು ವರ್ಷದ ಅನುಭವಕ್ಕೆ ತಕ್ಕ ಕೆಲಸ ಕಡೆಗೂ ಸಿಕ್ಕಿತ್ತು.

ಪೂಜಾ ಬಹಳ ಹೊತ್ತು ನೋಡಿ ಕೇಳಿದಳು: "ಮಾಮಾ, ಇದಕ್ಕ ಅಂಗಿ ಇಲ್ಲೇನ್?"

"ಐತವ್ವಾ. ಹೊಲಿಯೂದ್ರಾಗ ತಪ್ಪೇತಿ."

"ಯಾರ ಹೊಲದಾರ?"

ಶಾಂತಾಬಾಯಿ ಮಗಳ ಬಾಯಿ ಮುಚ್ಚಿದರು. ಗುರುಗಳು ಗೋಡೆಯ ಕಡೆ ತಿರುಗಿ ನಕ್ಕರು.

ಎಲ್ಲರ ಅರ್ಜಿಯೂ ಒಂದೇ ಸಲ ಹೋಗಲಿಲ್ಲ. ಕೊನೆಯ ದಿನವಾದ್ದರಿಂದ ಸರ್ವರ್ ನಿಂತು ನಿಂತು ನಡೆಯುತ್ತಿತ್ತು. ಪೂಜಾಳ ಅರ್ಜಿ ಎರಡು ಸಲ ಅರ್ಧಕ್ಕೆ ತಿರುಗಿ ಬಂತು. ನಡುವೆ ಊಟಕ್ಕೆ ಜೋಳದ ರೊಟ್ಟಿ, ನನ್ನ ಕಾಯಿಯ ಚಟ್ನಿ ಬಂದವು. ಹೊತ್ತು ಇಳಿಯುವಾಗ ಪ್ರಿಂಟರು ಪೂಜಾಳ ಸ್ವೀಕೃತಿಯನ್ನು ಹೊರಗೆ ಹಾಕಿತು. ಶಾಂತಾಬಾಯಿ ಅದನ್ನು ಓದಲಾರರು. ಎರಡೂ ಕೈಯಲ್ಲಿ ಹಿಡಿದು, ಮಗಳ ಹೆಸರು ಎಲ್ಲಿದೆ ಎಂದು ಮಗಳನ್ನೇ ಕೇಳಿದರು. ಅವಳು ಬೆರಳಿಟ್ಟು ತೋರಿಸಿದಳು.

ಸಾವಕಾರರು ಅಂಗಡಿಯ ಶಟರ್ ಎಳೆದು ಹೋಗುತ್ತ ನಮ್ಮ ಬಾಗಿಲಲ್ಲಿ ನಿಂತರು. ಬೆತ್ತಲೆ ಬೋರ್ಡನ್ನು ನೋಡಿದರು. "ಹಿಂಗೂ ನಡೀತೈತಿ?" ಎಂದರು.

"ನಡೀತೈತ್ರಿ ಸಾವಕಾರ್ರ" ಎಂದರು ರತ್ನಾಬಾಯಿ. "ಕುರ್ಚಿ ಯಾರಿಗ್ಯಾರ ಕೊಡ್ರಿ ಇನ್ನ. ಖಾಲಿ ಇಟ್ರ ಧೂಳ ಕುಂಡ್ರತೈತಿ."

ಮರುದಿನ ಮತ್ತೆ ಇಂಡಿಗೆ ಹೋಗಿ ಕಂಪ್ಯೂಟರಿಗೆ ಅಂಗಿ ತೊಡಿಸಿದೆ. ಈ ಸಲ ಮುಚ್ಚಳ ಹಾಕುವ ಮೊದಲು ಚಾಲೂ ಮಾಡಿದೆ. ಮುಚ್ಚಳ ಹಾಕಿದ ಮೇಲೆ ರತ್ನಾಬಾಯಿ ಇನ್ನೊಮ್ಮೆ ಚಾಲೂ ಮಾಡಿಸಿದರು. ವೈರುಗಳನ್ನು ಹೆಣೆಯಲಿಲ್ಲ, ಸುಮ್ಮನೆ ಬದಿಗೆ ಸರಿಸಿದೆ.

ಉಸ್ತಾದರ ಮಾತು ತಪ್ಪಲ್ಲ ಎಂದು ಬಸ್ಸಿಗೆ ಕಾಯುವಾಗ ಹೊಳೆಯಿತು. ಅವರು ಹೇಳಿದ್ದು ಬಿಚ್ಚಿ ಮುಚ್ಚುವ ರೇಡಿಯೋದ ಮಾತು. ಅಲ್ಲಿ ಬಂದಷ್ಟೇ ಹೋಗಬೇಕು. ಹೊಸದಾಗಿ ಕಟ್ಟುವುದರಲ್ಲಿ ಬೇಕಾದಷ್ಟೇ ಹೋಗಬೇಕು. ಇಷ್ಟು ಸಣ್ಣ ವ್ಯತ್ಯಾಸ ತಿಳಿಯುವ ಹೊತ್ತಿಗೆ ನನ್ನ ನಿವೃತ್ತಿ ಬಂದಿತ್ತು.

ಹೊರಡುವಾಗ ರತ್ನಾಬಾಯಿ ಮೇಜಿನ ಖಾನೆಯಿಂದ ಆ ಹಿತ್ತಾಳೆ ಕಾಲನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಿದ್ದರು. "ಇದು ಉಳೀತ್ರಿ ಅಣ್ಣಾರ. ನಿಮ್ಮ ಹತ್ರನ ಇರ್ಲಿ."

ಕಿಸೆಗೆ ಹಾಕಿಕೊಂಡೆ. ಕೆಲಸ ಮುಗಿದ ಮೇಲೆ ಏನನ್ನಾದರೂ ಉಳಿಸಿಕೊಂಡು ಮನೆಗೆ ಹೊರಟದ್ದು ಅದೇ ಮೊದಲು. ಸಿಂದಗಿಯ ರಸ್ತೆಯ ಒಂದೊಂದು ತಗ್ಗಿಗೂ ಅದು ತೊಡೆಗೆ ಚುಚ್ಚುತ್ತಿತ್ತು. ಅದನ್ನು ಬೇರೆ ಕಿಸೆಗೆ ಹಾಕಬಹುದಿತ್ತು. ಹಾಕಲಿಲ್ಲ.